ಸಾಷ್ಟಿ ಪ್ರದಕ್ಷಿಣೆ

ಮುಂಬಯಿಯಲ್ಲಿ 38 ವರ್ಷ ಸಂಸಾರ ಮಾಡಿದ ಮೇಲೆ, ನಾನು ವಾಸಿಸುತ್ತಿರುವುದು ಒಂದು ದ್ವೀಪದ ಮೇಲೆ ಎಂಬುದು ಮೊಮ್ಮಗಳ ಭೂಗೋಳದ ಪುಸ್ತಕದಿಂದ ನನಗೆ ತಿಳಿಯಬೇಕಾಯಿತು.

“ಅಜ್ಜಾ, ನಮ್ಮ ಮನೆ ಇರುವುದು ದ್ವೀಪದ ಮೇಲಂತೆ, ಹೌದಾ?” ಎಂದು ಅವಳು ಒಂದು ಸಂಜೆ ಕೇಳಿದಳು.

“ಮುಂಬಯಿ ಏಳು ದ್ವೀಪಗಳ ಊರು. ಅದು ಯಾರಿಗೆ ಗೊತ್ತಿಲ್ಲ?” ಎಂದು ನಾನು ಹಿರಿತನದ ಗತ್ತಿನಿಂದಲೇ ಹೇಳಿದೆ.

“ಆ ಏಳು ದ್ವೀಪ ಮಾಹೀಮಿನಲ್ಲಿ ಮುಗಿಯುತ್ತದೆ. ನಾವಿರುವುದು ಗೋರೆಗಾಂವದಲ್ಲಿ. ಇದು ಬೇರೆಯೇ ದ್ವೀಪ” ಎಂದು ಅವಳು ನಕಾಶೆಯ ಮೇಲೆ ಬೆರಳಿಟ್ಟಳು.

ಕನ್ನಡಕ ಹಾಕಿಕೊಂಡು ನೋಡಿದೆ. ಹುಡುಗಿಯ ಮಾತು ನಿಜ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ವಸಯಿ ಖಾರಿ, ಪೂರ್ವಕ್ಕೆ ಠಾಣೆ ಖಾರಿ, ದಕ್ಷಿಣಕ್ಕೆ ಮಾಹೀಮ್ ಖಾರಿ. ನಾಲ್ಕೂ ಕಡೆ ನೀರು. ಬಾಂದ್ರಾದಿಂದ ದಹಿಸರ್‌ವರೆಗೆ, ಕುರ್ಲಾದಿಂದ ಠಾಣೆಯವರೆಗೆ ನಾವು ಉಪನಗರಗಳೆಂದು ಕರೆಯುವುದೆಲ್ಲ ಸಾಷ್ಟಿ ಎಂಬ ಒಂದೇ ದ್ವೀಪ. ಪೋರ್ಚುಗೀಜರ ಬಾಯಲ್ಲಿ ಅದು ಸಾಲ್ಸೆಟ್ ಆಯಿತು. ಹಿಂದೆ ಇಲ್ಲಿ ಅರವತ್ತಾರು ಹಳ್ಳಿಗಳಿದ್ದುದರಿಂದ ಸಾಷ್ಟಿ ಎಂಬ ಹೆಸರು ಬಂತೆಂದು ಹೇಳುತ್ತಾರೆ. ಆ ಹಳ್ಳಿಗಳ ಹೆಸರುಗಳು ಇಂದು ರೈಲ್ವೇ ಸ್ಟೇಶನ್ನುಗಳ ಹಲಗೆಗಳ ಮೇಲೆ ಉಳಿದುಕೊಂಡಿವೆ.

ವರ್ಷಕ್ಕೊಮ್ಮೆ ರಜೆ ಬಂದರೆ ಊರಿಗೆ ಓಡುವವರು ನಾವು. ಬಾದಾಮಿ, ಹಂಪೆ, ಬೇಲೂರು ನೋಡಿದ್ದೇವೆ. ಕಾಶಿ ರಾಮೇಶ್ವರಗಳನ್ನೂ ಮುಗಿಸಿದ್ದೇವೆ. ಅನ್ನ ಕೊಟ್ಟ ನೆಲವನ್ನು ಮಾತ್ರ ನೋಡಿರಲಿಲ್ಲ. ಮಗನ ಕಾರು ಹೇಗೂ ಭಾನುವಾರ ಕಟ್ಟಡದ ಕೆಳಗೆ ಸುಮ್ಮನೆ ನಿಂತಿರುತ್ತದೆ. ಜನವರಿ ತಿಂಗಳ ಎರಡು ಭಾನುವಾರಗಳಲ್ಲಿ ಸಾಷ್ಟಿಗೆ ಒಂದು ಸುತ್ತು ಬರುವುದೆಂದು ನಿಶ್ಚಯಿಸಿದೆವು. ಮಗ ಸಾರಥಿ, ಮೊಮ್ಮಗಳು ನಕಾಶೆಯ ಅಧಿಕಾರಿ, ನನ್ನಾಕೆ ಬುತ್ತಿಯ ಯಜಮಾನಿ. ನನಗೆ ಯಾವ ಕೆಲಸವೂ ಸಿಗದ್ದರಿಂದ ನಾನು ಲೇಖಕನಾದೆ.

ನಡುವಿನ ಬೆಟ್ಟಕಾಡನ್ನು ಬಲಕ್ಕಿಟ್ಟುಕೊಂಡು, ತೆಂಕಣ ತುದಿಯಿಂದ ಪಶ್ಚಿಮದ ಬದಿಯಲ್ಲಿ ಬಡಗಣಕ್ಕೆ ಹೋಗಿ, ಪೂರ್ವದ ಬದಿಯಿಂದ ಇಳಿದು ಬರುವುದು ನಮ್ಮ ಯೋಜನೆ. “ಹಾಗಾದರೆ ಇದು ಪ್ರದಕ್ಷಿಣೆಯೇ ಆಯಿತಲ್ಲ!” ಎಂದು ನನ್ನಾಕೆಗೆ ಸಂತೋಷ.

ಮೊದಲ ಭಾನುವಾರ ನಸುಕಿನಲ್ಲಿಯೇ ಮಾಹೀಮಿಗೆ ಬಂದೆವು. ಮುಂಬಯಿ ದ್ವೀಪವನ್ನೂ ಸಾಷ್ಟಿಯನ್ನೂ ಜೋಡಿಸುವ ಇಲ್ಲಿನ ಸೇತುಮಾರ್ಗ ತೆರೆದದ್ದು 1845ರಲ್ಲಿ. ಅದಕ್ಕೆ ಮೊದಲು ಬಾಂದ್ರಾಕ್ಕೆ ಹೋಗುವವರು ದೋಣಿಯನ್ನು ನಂಬಬೇಕಿತ್ತು. ಈ ಮಾರ್ಗಕ್ಕೆ ಕೈಯೆತ್ತಿ ಹಣ ಕೊಟ್ಟವರು ಜಮ್‌ಶೇಟ್‌ಜೀ ಜೀಜೀಭಾಯಿಯವರ ಪತ್ನಿ ಆವಾಬಾಯಿಯವರು. ದಿನವೂ ಇದರ ಮೇಲೆ ಹೋಗುವ ನಾವು, ಕೆಳಗೆ ಹರಿಯುವ ಕಪ್ಪು ನೀರನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತೇವೆ. ಅದು ಯಾವ ನದಿಯೆಂದು ಕೇಳುವುದಿಲ್ಲ. ಆ ನದಿಯ ಮಾತನ್ನು ಕೊನೆಗೆ ಹೇಳುತ್ತೇನೆ. ನಮ್ಮ ಪ್ರದಕ್ಷಿಣೆಯೂ ಅಲ್ಲಿಗೇ ಮುಗಿಯಿತು.

ಅಂಧೇರಿಯ ಪೂರ್ವಕ್ಕೆ ಮಹಾಕಾಳಿ ಗುಹೆಗಳು. ಬಸ್ಸಿನ ಹಲಗೆಯ ಮೇಲೆ ಈ ಹೆಸರನ್ನು ಸಾವಿರ ಸಲ ಓದಿದ್ದೆ. ಇವು ಕಾಳಿಯ ಗುಡಿಯಲ್ಲ. ಕೊಂಡಿವಿಟೆ ಗ್ರಾಮದ ಗುಡ್ಡದಲ್ಲಿ ಬೌದ್ಧ ಭಿಕ್ಷುಗಳು ಎರಡು ಸಾವಿರ ವರ್ಷಗಳ ಹಿಂದೆ ಕೊರೆಯಲು ತೊಡಗಿದ 19 ಗುಹೆಗಳು. ಅವುಗಳಲ್ಲೊಂದರಲ್ಲಿ ಗುಡಿಸಲಿನಂತೆ ದುಂಡಾದ ಕಲ್ಲಿನ ಕೋಣೆ, ಅದಕ್ಕೆ ಜಾಲಂಧ್ರಗಳು, ಒಳಗೆ ಸ್ತೂಪ. ಕಾರ್ಖಾನೆಗಳ ಮತ್ತು ಕಚೇರಿಗಳ ನಡುವೆ ಅಷ್ಟು ನಿಶ್ಶಬ್ದವಾದ ಜಾಗ ಇರಬಹುದೆಂದು ನಾನು ಎಣಿಸಿರಲಿಲ್ಲ.

ಅಲ್ಲಿಂದ ಅಂಧೇರಿಯ ಪಶ್ಚಿಮಕ್ಕೆ ಬಂದರೆ ಗಿಲ್ಬರ್ಟ್ ಗುಡ್ಡ. ಗುಡ್ಡವೆನ್ನುವುದಕ್ಕಿಂತ ನೆಟ್ಟಗೆ ನಿಂತ ಕರಿಕಲ್ಲಿನ ಗೋಡೆ ಎನ್ನಬೇಕು. ಎತ್ತರ ಸುಮಾರು 61 ಮೀಟರು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು ಹರಿದ ಲಾವಾರಸ ತಣ್ಣಗಾಗುತ್ತ ಕುಗ್ಗಿ ಸೀಳಿದಾಗ ಇಂಥ ಕಂಬಗಳಾದವು. ಒಂದಕ್ಕೊಂದು ಒತ್ತಿ ನಿಲ್ಲಿಸಿದ ಮರದ ದಿಮ್ಮಿಗಳಂತೆ ಅವು ಕಾಣುತ್ತವೆ. “ಇದನ್ನು ನಾನು ಮೊದಲೇ ನೋಡಿದ್ದೇನೆ” ಎಂದಳು ನನ್ನಾಕೆ. ಅವಳು ನೆನೆಸಿಕೊಂಡದ್ದು ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪವನ್ನು. ಅಲ್ಲಿಯ ಕಂಬಗಳು ಇನ್ನೂ ಹಳೆಯವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದವು, ಸುಮಾರು 8 ಕೋಟಿ 80 ಲಕ್ಷ ವರ್ಷದವು. ಬೆಂಕಿ ಬೇರೆ, ಕಾಲ ಬೇರೆ, ಕಲ್ಲಿನ ಜಾತಿಯೂ ಬೇರೆ. ಆದರೆ ಬಿಸಿರಸ ತಣಿದು ಕಂಬವಾಗುವ ಧರ್ಮ ಒಂದೇ. ಮಲ್ಪೆಯ ಕಲ್ಲನ್ನು ನೋಡಲು ದೋಣಿಯ ಸರತಿಯಲ್ಲಿ ನಿಂತಿದ್ದ ನಾವು, ಅಂಧೇರಿಯ ಕಲ್ಲಿನ ಬುಡದಲ್ಲಿ ವರ್ಷಗಟ್ಟಲೆ ತರಕಾರಿ ಕೊಂಡಿದ್ದೆವು. ಸುತ್ತಲಿನ ಗುಡ್ಡವನ್ನೆಲ್ಲ ಕಲ್ಲುಗಣಿ ತಿಂದಿದೆ. ಉಳಿದ ಒಂದು ಕಂಬದ ನೆತ್ತಿಯ ಮೇಲೆ ಗಾವದೇವಿ ಕುಳಿತಿದ್ದಾಳೆ. ಬಹುಶಃ ಅವಳು ಕುಳಿತಿದ್ದರಿಂದಲೇ ಅಷ್ಟಾದರೂ ಉಳಿಯಿತು.

ಜೋಗೇಶ್ವರಿಯಲ್ಲಿ ಕಾರನ್ನು ದೂರ ನಿಲ್ಲಿಸಿ ಓಣಿಗಳಲ್ಲಿ ನಡೆದೆವು. ಗುಹೆಗೆ ಹತ್ತುವುದಲ್ಲ, ಇಳಿಯಬೇಕು. 6ನೇ ಶತಮಾನದ ಈ ಶೈವ ಗುಹಾಲಯ ನಮ್ಮ ದೇಶದ ಅತ್ಯಂತ ವಿಶಾಲವಾದ ಗುಹಾದೇವಾಲಯಗಳಲ್ಲಿ ಒಂದು. ಒಳಗಿನ ಕತ್ತಲೆಯಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಕಂಬಗಳ ಸಾಲು ನಿಧಾನವಾಗಿ ಮೂಡುತ್ತದೆ. ಶಿಲ್ಪಗಳು ಬಹಳಷ್ಟು ಸವೆದಿವೆ. ಗುಹೆಯ ಅಂಚಿನವರೆಗೂ ಮನೆಗಳು ಬಂದು ನಿಂತಿವೆ. ಮಗ ಸಿಟ್ಟಾದ. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಈ ಊರಿಗೆ ಬರಿಗೈಯಲ್ಲಿ ಬಂದು ತಲೆಯ ಮೇಲೊಂದು ಸೂರು ಹುಡುಕಿದವರಲ್ಲಿ ನಾವೂ ಇದ್ದೇವಲ್ಲ.

ಬೊರಿವಲಿಯ ಮಂಡಪೇಶ್ವರಕ್ಕೆ ಬರುವಾಗ ಸಂಜೆ ನಾಲ್ಕು. ಇದೂ ಶೈವ ಗುಹೆ. ಸಮೀಪದಲ್ಲಿ ದಹಿಸರ್ ನದಿ. ಇಲ್ಲಿಯ ನಟರಾಜ ಕೈಕಾಲು ಮುರಿದುಕೊಂಡೂ ಕುಣಿಯುತ್ತಿದ್ದಾನೆ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಕಂಡವರಿಗೆ ಇವನು ದೂರದ ಸಂಬಂಧಿಯಂತೆ ತೋರಿದರೆ ಆಶ್ಚರ್ಯವಿಲ್ಲ. ವಸಯಿ ಪ್ರಾಂತ 1534ರಲ್ಲಿ ಪೋರ್ಚುಗೀಜರ ಕೈಸೇರಿದ ಮೇಲೆ ಪಾದ್ರಿಗಳು ಈ ಗುಹೆಯನ್ನು ಇಗರ್ಜಿ ಮಾಡಿದರು. ಮೇಲೆ ದೊಡ್ಡ ಕಟ್ಟಡವನ್ನೂ ಎಬ್ಬಿಸಿದರು. ಮರಾಠರು ಬಂದ ಮೇಲೆ ಅವರ ಕಾಲ ಮುಗಿಯಿತು. ಈಗ ಮೇಲೆ ಇಗರ್ಜಿಯ ಪಾಳುಗೋಡೆ, ಕೆಳಗೆ ಶಿವ; ಒಳಗಿನ ಒಂದು ಗೋಡೆಯಲ್ಲಿ ಕಡೆದ ಶಿಲುಬೆ ಹಾಗೇ ಇದೆ. ಎದುರಿನ ಬಯಲಿನಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಕ್ರಿಕೆಟ್ ಆಡುತ್ತಿದ್ದರು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಉಳಿದ ಅವಲಕ್ಕಿಯನ್ನು ಮುಗಿಸಿ ಮನೆಗೆ ಮರಳಿದೆವು.

ಎರಡನೆಯ ಭಾನುವಾರ ಬೆಳಗ್ಗೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಇಳಿದೆವು. ಸುಮಾರು 104 ಚದರ ಕಿಲೋಮೀಟರಿನ ಈ ಕಾಡು ಸಾಷ್ಟಿಯ ನಟ್ಟನಡುವೆ ಇದೆ. ಒಂದು ಮಹಾನಗರದ ಹೊಟ್ಟೆಯೊಳಗೆ ಇಷ್ಟು ದೊಡ್ಡ ಕಾಡು, ಅದರಲ್ಲಿ ಚಿರತೆಗಳು ಎಂದರೆ ಊರಿನಲ್ಲಿ ನಮ್ಮವರು ನಂಬುವುದಿಲ್ಲ. ಕಾರನ್ನು ಬಾಗಿಲ ಬಳಿಯೇ ಬಿಟ್ಟು ಉದ್ಯಾನದ ಬಸ್ಸು ಹತ್ತಿದೆವು. ಸಾಗುವಾನಿ ಮರಗಳ ನಡುವೆ ದಾರಿ ಏರುತ್ತ ಹೋಗಿ ಕಾನ್ಹೇರಿಯಲ್ಲಿ ನಿಲ್ಲುತ್ತದೆ.

ಕೃಷ್ಣಗಿರಿ ಎಂಬುದು ಕಾನ್ಹೇರಿಯ ಹಳೆಯ ಹೆಸರು. ನೂರಕ್ಕೂ ಹೆಚ್ಚು ಗುಹೆಗಳು. ಸುಮಾರು ಒಂದು ಸಾವಿರ ವರ್ಷ ಇಲ್ಲಿ ಭಿಕ್ಷುಗಳು ಬಾಳಿದರು. ಮೂರನೆಯ ಗುಹೆಯ ಚೈತ್ಯಾಲಯ ಶಾತವಾಹನರ ಕಾಲದ್ದು. ಅದರ ಮುಖಮಂಟಪದಲ್ಲಿ ಎತ್ತರದ ಬುದ್ಧಮೂರ್ತಿಗಳು ನಿಂತಿವೆ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ನೀರಿನ ಏರ್ಪಾಡು. ಬೆಟ್ಟದ ಮೈಮೇಲೆ ಬಿದ್ದ ಮಳೆ ಸಣ್ಣ ಸಣ್ಣ ಕಲ್ಲುಗಾಲುವೆಗಳಲ್ಲಿ ಹರಿದು, ಗುಹೆಗಳ ಪಕ್ಕದಲ್ಲಿ ಕೊರೆದ ತೊಟ್ಟಿಗಳಿಗೆ ಬಂದು ಬೀಳುತ್ತದೆ. ನಾವು ಹೋದದ್ದು ಜನವರಿಯಲ್ಲಿ. ಕೆಲವು ತೊಟ್ಟಿಗಳಲ್ಲಿ ಆಗಲೂ ನೀರಿತ್ತು. ಸುತ್ತ ಸಮುದ್ರದ ಉಪ್ಪುನೀರಿರುವ ದ್ವೀಪದಲ್ಲಿ ಸಿಹಿನೀರಿನ ಬೆಲೆ ಅವರಿಗೆ ತಿಳಿದಿತ್ತು.

ಹನ್ನೊಂದನೆಯದು ದರ್ಬಾರ್ ಗುಹೆ. ನಡುವೆ ಉದ್ದಕ್ಕೂ ಕಲ್ಲಿನ ಎರಡು ತಗ್ಗುಜಗಲಿಗಳು, ಊಟದ ಪಂಕ್ತಿಯ ಹಾಗೆ. ಅಲ್ಲಿ ದಣಿವಾರಿಸಿಕೊಳ್ಳುತ್ತ ನಾನು ಮೊಮ್ಮಗಳಿಗೆ ಒಂದು ಸಂಗತಿ ಹೇಳಿದೆ. ಅದನ್ನು ಹೇಳುವುದಕ್ಕಾಗಿಯೇ ಒಂದು ವಾರ ಪುಸ್ತಕ ತಿರುವಿದ್ದೆ.

ಕಾನ್ಹೇರಿಯ ಗುಹೆಗಳಲ್ಲಿ 9ನೇ ಶತಮಾನದ ಮೂರು ಸಂಸ್ಕೃತ ಶಾಸನಗಳಿವೆ. ಮೂರರಲ್ಲೂ ಹೆಸರಿಸಿರುವ ಚಕ್ರವರ್ತಿ ರಾಷ್ಟ್ರಕೂಟರ ಅಮೋಘವರ್ಷ. ಯಾವ ಅಮೋಘವರ್ಷ? ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಸುಮಾರು 814ರಿಂದ 878ರವರೆಗೆ ಆಳಿದ ನಮ್ಮ ನೃಪತುಂಗ. ಕನ್ನಡದ ಮೊದಲ ಗ್ರಂಥವೆಂದು ನಮಗೆ ದೊರೆತಿರುವ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಆ ಗ್ರಂಥ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆಂದು ನಮ್ಮ ಸಂಘದ ಪ್ರತಿಯೊಂದು ರಾಜ್ಯೋತ್ಸವದ ಭಾಷಣದಲ್ಲಿಯೂ ಕೇಳಿ ಚಪ್ಪಾಳೆ ತಟ್ಟಿದ್ದೇವೆ. ಅದೇ ಅರಸನ ಹೆಸರು ನಮ್ಮ ಮನೆಯಿಂದ ಅರ್ಧ ದಿನದ ದಾರಿಯೂ ಇಲ್ಲದ ಬೆಟ್ಟದಲ್ಲಿ ಕೆತ್ತಿದೆಯೆಂದು ಯಾರೂ ಹೇಳಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಅವನ ಕೆಳಗೆ ಕೊಂಕಣವನ್ನಾಳುತ್ತಿದ್ದವರು ಶಿಲಾಹಾರ ಸಾಮಂತರಾದ ಪುಲ್ಲಶಕ್ತಿ ಮತ್ತು ಅವನ ತರುವಾಯ ಕಪರ್ದಿ.

“ಹಾಗಾದರೆ ಇದು ನಮ್ಮದೇ ಊರು ಆಗಿತ್ತಾ ಅಜ್ಜಾ?” ಎಂದು ಅವಳ ಕಣ್ಣರಳಿತು.

ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕಾಯಿತು. ಏಕೆಂದರೆ ಶಾಸನದಲ್ಲಿ ಅರಸನ ಹೆಸರು ಕಾಲ ತಿಳಿಸುವುದಕ್ಕೆ ಬಂದದ್ದು. ಶಾಸನದ ವಿಷಯ ದಾನ. ಅವುಗಳಲ್ಲೊಂದರಲ್ಲಿ ದಾನಿಯ ಹೆಸರು ಅವಿಘ್ನಾಕರ. ಅವನು ಕನ್ನಡಿಗನಲ್ಲ, ಕೊಂಕಣಿಗನೂ ಅಲ್ಲ. ದೂರದ ಗೌಡದೇಶದಿಂದ, ಎಂದರೆ ಬಂಗಾಳದಿಂದ, ಬಂದವನು. ಬಂಗಾಳದಲ್ಲಿ ಹುಟ್ಟಿದವನು ಕನ್ನಡದ ದೊರೆಯ ಕಾಲದಲ್ಲಿ ಕೊಂಕಣದ ಈ ಬೆಟ್ಟಕ್ಕೆ ಬಂದು, ಇಲ್ಲಿಯ ಭಿಕ್ಷುಗಳ ಧ್ಯಾನಕ್ಕೆ ಕೋಣೆಗಳನ್ನು ಮಾಡಿಸಿ, ಮುಂದೆಯೂ ಕೊರತೆಯಾಗದಿರಲೆಂದು ನೂರು ದ್ರಮ್ಮಗಳನ್ನು ಮೂಲಧನವಾಗಿಟ್ಟ. ದ್ರಮ್ಮವೆಂದರೆ ಆಗಿನ ನಾಣ್ಯ. ಇನ್ನೊಂದು ಗುಹೆಯಲ್ಲಿ 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿಸಿ ಹೋಗಿದ್ದಾರೆ.

“ಊರು ಯಾರದೆಂದು ಈ ಕಲ್ಲು ಹೇಳುವುದಿಲ್ಲ ಮಗೂ. ಬಂದವರು ಏನು ಬಿಟ್ಟು ಹೋದರೆಂದು ಹೇಳುತ್ತದೆ” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದುರಿನ ಕಂಬದ ಮೇಲೆ ಯಾರೋ ಪ್ರೇಮಿಗಳು ಚೂಪುಗಲ್ಲಿನಿಂದ ಗೀಚಿದ ಹೆಸರುಗಳನ್ನು ತೋರಿಸಿದಳು. “ಇವರು ಏನು ಬಿಟ್ಟು ಹೋದರು?” ಎಂದಳು. ನಾನು ಉತ್ತರ ಹುಡುಕುವ ಮೊದಲೇ ನನ್ನಾಕೆ, “ಅವರ ಮಾತು ಹಾಗಿರಲಿ. ನೀವು ಇಷ್ಟು ವರ್ಷದಲ್ಲಿ ಏನು ಬಿಟ್ಟಿರಿ, ಅದನ್ನು ಹೇಳಿ” ಎಂದುಬಿಟ್ಟಳು. ಹೆಂಡತಿಯರು ಇಂಥ ಪ್ರಶ್ನೆಗಳನ್ನು ಮೊಸರನ್ನದ ಡಬ್ಬಿ ಮುಚ್ಚುತ್ತಲೇ ಕೇಳುತ್ತಾರೆ.

ಆ ಪ್ರಶ್ನೆ ಕಾರಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ಬಂತು. ದಹಿಸರ್ ದಾಟಿ, ದ್ವೀಪದ ಉತ್ತರದ ಅಂಚಿನಲ್ಲಿ ಘೋಡ್‌ಬಂದರ್ ರಸ್ತೆ ಪೂರ್ವಕ್ಕೆ ತಿರುಗುತ್ತದೆ. ಬಲಗಡೆ ಅದೇ ಕಾಡಿನ ಬೆಟ್ಟಗಳು, ಎಡಗಡೆ ಉಲ್ಹಾಸ ನದಿ ಸಮುದ್ರಕ್ಕೆ ಸೇರುವ ವಸಯಿ ಖಾರಿ. ಕುದುರೆಗಳ ಬಂದರಾದುದರಿಂದ ಘೋಡ್‌ಬಂದರ್ ಎಂಬ ಹೆಸರು. ಅರಬರ ಹಡಗುಗಳಲ್ಲಿ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಮುಂದೆ ವಿಜಯನಗರದ ಸೇನೆಗಾಗಿ ನಮ್ಮ ಭಟ್ಕಳದಲ್ಲಿ ಇಳಿದಂತೆ. ಇಲ್ಲಿಯ ಗುಡ್ಡದ ಮೇಲೆ ಪೋರ್ಚುಗೀಜರು ಕಟ್ಟಿದ ಕೋಟೆ ನಿಂತಿದೆ. ಸಾಷ್ಟಿಯನ್ನು ಮರಾಠರು 1737ರಲ್ಲಿ ಗೆದ್ದರು. ಖಾರಿಯ ಆಚೆಯ ವಸಯಿ ಕೋಟೆ ಚಿಮಾಜಿ ಅಪ್ಪಾನ ಕೈಸೇರಿದ್ದು 1739ರಲ್ಲಿ. ಕೋಟೆಯ ಮೇಲಿಂದ ಗಾಳಿಗೆ ಮುಖವೊಡ್ಡಿ ಆ ನೀರನ್ನು ನೋಡಿದಾಗ, ಇದು ದ್ವೀಪವೆಂಬುದು ನನಗೆ ಮೊದಲ ಬಾರಿ ಕಣ್ಣಿಗೆ ಕಂಡಿತು.

ಠಾಣೆ ಶಿಲಾಹಾರರ ಶ್ರೀಸ್ಥಾನಕ. ನಡುವೂರಿನಲ್ಲಿ ಮಾಸುಂದಾ ಕೆರೆ, ಅದರ ಬಳಿ ಕೋಪಿನೇಶ್ವರ. ಪೋರ್ಚುಗೀಜರು ಕಟ್ಟಲು ತೊಡಗಿದ ಠಾಣೆಯ ಕೋಟೆಯನ್ನು ಆಂಗ್ಲರು 1774ರ ಡಿಸೆಂಬರಿನಲ್ಲಿ ಹಿಡಿದರು. ಮುಂದೆ ಅದು ಸೆರೆಮನೆಯಾಯಿತು. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ 34 ಕಿಲೋಮೀಟರು ಓಡಿ ಬಂದು ನಿಂತದ್ದು ಈ ಊರಿನಲ್ಲಿಯೇ. ಅಂದಿನಿಂದ ಸಾಷ್ಟಿಯ ಹೊಲಗದ್ದೆಗಳು ಒಂದೊಂದಾಗಿ ಸ್ಟೇಶನ್ನುಗಳಾಗುತ್ತ ಬಂದವು.

ಠಾಣೆಯಿಂದ ದಕ್ಷಿಣಕ್ಕೆ ಇಳಿದು, ಭಾಂಡುಪಿನಲ್ಲಿ ಖಾರಿಯ ಅಂಚಿಗೆ ಹೋದೆವು. ಹೊತ್ತು ಇಳಿದಿತ್ತು, ನೀರೂ ಇಳಿದಿತ್ತು. ಕೆಸರಿನ ಮೇಲೆ ದೂರದವರೆಗೆ ನಸುಗೆಂಪು ಪಟ್ಟಿ. ನೋಡಿದರೆ ಅದೆಲ್ಲ ರಾಜಹಂಸಗಳು. ಚಳಿಗಾಲಕ್ಕೆ ಇಲ್ಲಿಗೆ ಬಂದು, ತಲೆಕೆಳಗು ಮಾಡಿದ ಕೊಕ್ಕಿನಿಂದ ಕೆಸರುನೀರನ್ನು ಸೋಸಿ ಪಾಚಿ ತಿಂದು, ಮಳೆಗಾಲಕ್ಕೆ ಮೊದಲು ಹೊರಡುವ ಹಕ್ಕಿಗಳು. ಅವುಗಳಿಗಾಗಿ ಈ ಖಾರಿಯ ಪಶ್ಚಿಮ ದಡವನ್ನು 2015ರಲ್ಲಿ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ರಾಮ್‌ಸರ್ ಪಟ್ಟಿಗೂ ಸೇರಿತು. “ಇವು ರಜೆಗೆ ಇಲ್ಲಿಗೆ ಬರುತ್ತವೆ, ನಾವು ರಜೆಗೆ ಇಲ್ಲಿಂದ ಹೋಗುತ್ತೇವೆ” ಎಂದ ಮಗ.

ಕೊನೆಯ ನಿಲುಗಡೆ ಪವಯಿ ಸರೋವರ. ಅದರ ಉತ್ತರಕ್ಕೆ ವಿಹಾರ, ಇನ್ನೂ ಮೇಲೆ ಕಾಡಿನೊಳಗೆ ತುಳಸಿ. ಮುಂಬಯಿಯ ಬಾಯಾರಿಕೆಗಾಗಿ ವಿಹಾರವನ್ನು 1860ರಲ್ಲಿ, ತುಳಸಿಯನ್ನು 1879ರಲ್ಲಿ ಕಟ್ಟಿ ಮುಗಿಸಿದರು. ಆ ಎರಡರ ನೀರನ್ನು ನಗರ ಇಂದಿಗೂ ಕುಡಿಯುತ್ತದೆ. ವಿಹಾರ ಮತ್ತು ಪವಯಿ ತುಂಬಿ ಹೊರಚೆಲ್ಲಿದ ನೀರೇ ಮೀಠೀ ನದಿ. ಅದು ಕುರ್ಲಾ, ಕಲೀನಾಗಳ ನಡುವೆ ಹಾದು ಮಾಹೀಮಿನಲ್ಲಿ ಸಮುದ್ರ ಸೇರುತ್ತದೆ. ನಾವು ಮೊದಲ ದಿನ ಮೂಗು ಮುಚ್ಚಿಕೊಂಡು ದಾಟಿದ್ದು ಅದನ್ನೇ. ಮೀಠೀ ಎಂದರೆ ಸಿಹಿ.

ಈ ನದಿಯ ಪರಿಚಯ ನನಗೆ ಮೊದಲೇ ಆಗಬೇಕಿತ್ತು. ಕುರ್ಲಾದಲ್ಲಿ ನೆಲಮಾಳಿಗೆಯಂಥ ತಗ್ಗಿನ ಮನೆಯಲ್ಲಿ ನಾವು ಬಹುಕಾಲ ಇದ್ದೆವು. ಹಿಂದುಗಡೆ ಅದು ಹರಿಯುತ್ತಿತ್ತು. ಅದನ್ನು ನಾವು ನಾಲಾ ಎಂದು ಕರೆದು ಕಿಟಕಿ ಮುಚ್ಚುತ್ತಿದ್ದೆವು. ಮನೆಯ ಕಸವನ್ನು ಅದಕ್ಕೆ ಎಸೆದವರಲ್ಲಿ ನಾನೂ ಒಬ್ಬ; ಬರೆಯಲು ಕಷ್ಟವಾದರೂ ಸುಳ್ಳು ಹೇಳಲಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. ಅಂದು ಆ ನಾಲಾ ನದಿಯಾಗಿ ಮನೆಯೊಳಗೆ ಬಂತು. ಜೀವ ಉಳಿಯಿತು. ಆದರೆ ಅಟ್ಟದಿಂದ ಇಳಿಸಿ ಮಂಚದ ಕೆಳಗಿಟ್ಟಿದ್ದ ಪೆಟ್ಟಿಗೆ ಮುಳುಗಿತು. ಅದರಲ್ಲಿ ನನ್ನ ತಂದೆಯವರು ಊರಿನಿಂದ ಬರೆದ ಕಾಗದಗಳೆಲ್ಲ ಇದ್ದವು. ಶಾಯಿ ಕರಗಿ ಹಾಳೆಯೆಲ್ಲ ನೀಲಿಯಾಗಿತ್ತು. ಆ ದಿನ ನಾನು ಊರನ್ನೆಲ್ಲ ಬೈದೆ. ನದಿ ಎಲ್ಲಿ ಹುಟ್ಟುತ್ತದೆ, ಯಾರು ಅದರ ದಾರಿಗೆ ಅಡ್ಡ ನಿಂತಿದ್ದಾರೆ ಎಂದು ಮಾತ್ರ ಯೋಚಿಸಲಿಲ್ಲ.

ಇಷ್ಟನ್ನೂ ಪವಯಿಯ ದಂಡೆಯ ಮೇಲೆ ಮೊಮ್ಮಗಳಿಗೆ ಹೇಳಿದೆ. ಮಧ್ಯಾಹ್ನದ ಪ್ರಶ್ನೆಗೆ ಅದೇ ನನ್ನ ಉತ್ತರವಾಯಿತು. ಅವಳು ಪುಸ್ತಕದ ನಕಾಶೆಯಲ್ಲಿ ಆ ನದಿಯನ್ನು ಹುಡುಕಿದಳು. ಅಲ್ಲಿ ಇರಲಿಲ್ಲ. ಪೆನ್ಸಿಲಿನಿಂದ ಪವಯಿಯಿಂದ ಮಾಹೀಮಿನವರೆಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೆಸರು ಬರೆದಳು. ನಾನು ಕಲಿಸಿದ ಕನ್ನಡ ಅಕ್ಷರಗಳಲ್ಲಿ, ದೀರ್ಘ ಒಂದು ಕಡೆ ತಪ್ಪಿತ್ತು. ತಿದ್ದಲು ಮನಸ್ಸು ಬರಲಿಲ್ಲ.

ವಾಚಕರಲ್ಲಿ ಸಾಷ್ಟಿಯಲ್ಲಿ ವಾಸಿಸುವವರು ಬಹಳ ಮಂದಿ ಇದ್ದೀರಿ. ಈ ಪ್ರದಕ್ಷಿಣೆಗೆ ಹಣ ಹೆಚ್ಚು ಬೇಡ. ಎರಡು ದಿನ, ಒಂದಿಷ್ಟು ಪೆಟ್ರೋಲು, ಬುತ್ತಿ, ನೀರು ಸಾಕು. ಸೋಮವಾರ ಉದ್ಯಾನಕ್ಕೆ ರಜೆ. ಖಾಸಗಿ ವಾಹನಗಳ ನಿಯಮ ಬದಲಾಗುತ್ತಿರುವುದರಿಂದ ಬಾಗಿಲಲ್ಲಿ ವಿಚಾರಿಸುವುದು ಲೇಸು. ಮಳೆಗಾಲದಲ್ಲಿ ಕಾನ್ಹೇರಿಯ ಕಲ್ಲು ಜಾರುತ್ತದೆ. ರಾಜಹಂಸಗಳಿಗಾಗಿ ಹೋಗುವವರು ನೀರಿಳಿತದ ವೇಳೆ ನೋಡಿಕೊಂಡು ಹೋಗಬೇಕು. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಬಂಧುಗಳು ತಮ್ಮ ತಮ್ಮ ಮನೆಯ ಹಿಂದೆ ಹರಿಯುವ ನಾಲೆಯ ಹೆಸರನ್ನು ಒಮ್ಮೆ ವಿಚಾರಿಸಲಿ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೂ ಒಂದು ವಿನಂತಿ. ಈ ವರ್ಷದ ರಾಜ್ಯೋತ್ಸವದಲ್ಲಿ ನೃಪತುಂಗನ ಮೇಲೆ ಭಾಷಣವೊಂದು ಕಡಿಮೆಯಾದರೂ ಚಿಂತೆಯಿಲ್ಲ. ಮಕ್ಕಳನ್ನು ಅವನ ಹೆಸರಿರುವ ಬೆಟ್ಟಕ್ಕೆ ಕರೆದುಕೊಂಡು ಹೋಗೋಣ. ಬರುವಾಗ ಅಲ್ಲಿಯ ಕಸವನ್ನು ಹೆಕ್ಕಿಕೊಂಡು ಬರೋಣ. ಅವಿಘ್ನಾಕರನ ನೂರು ದ್ರಮ್ಮಕ್ಕೆ ಅದು ಸಮನಾಗದು; ಆದರೂ ಲೆಕ್ಕ ಎಲ್ಲಿಂದಲಾದರೂ ಸುರುವಾಗಬೇಕಲ್ಲ.